ನಗುವಿಗೆ ತಡೆಯಾದ ನೀರು: ಎಡೆದೊರೆ ನಾಡಿನ ಕಂದುಹಲ್ಲು ಮತ್ತು ಅದರ ಪರಿಹಾರ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ಮಹಾನದಿಗಳ ನಡುವಣ ಭೂಭಾಗವನ್ನು ನಮ್ಮ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಇಂದಿನ ರಾಯಚೂರು ಜಿಲ್ಲೆಯೇ ಅದರ ಹೃದಯಭಾಗ. ಎರಡು ಹೊಳೆಗಳ ಮಡಿಲಲ್ಲಿರುವ ಈ ನಾಡಿನ ಅನೇಕ ಹಳ್ಳಿಗಳು ಮಾತ್ರ ಬಹುಕಾಲದಿಂದ ಹೊಳೆಯ ನೀರನ್ನು ಕುಡಿಯದೆ ಬಂಡೆಯ ನೀರನ್ನು ಕುಡಿಯುತ್ತ ಬಂದಿವೆ. ಆ ನೀರು ಬಿಟ್ಟುಹೋದ ಗುರುತು ನಮ್ಮ ಮಕ್ಕಳ ಮುಖದ ಮೇಲೆಯೇ ಇದೆ. ದೇವದುರ್ಗ, ಮಾನ್ವಿ ತಾಲೂಕುಗಳ ಯಾವುದಾದರೂ ಶಾಲೆಯ ಅಂಗಳದಲ್ಲಿ ಮಕ್ಕಳು ಗುಂಪಾಗಿ ನಕ್ಕಾಗ ನೋಡಿರಿ: ಕೆಲವರ ಹಲ್ಲಿನ ಮೇಲೆ ಸುಣ್ಣದ ಚುಕ್ಕೆಯಂತಹ ಬಿಳಿಮಚ್ಚೆ, ಕೆಲವರಿಗೆ ಅಡ್ಡಗೆರೆಯಂತಹ ಹಳದಿ ಪಟ್ಟಿ, ಇನ್ನು ಕೆಲವರಿಗೆ ತುಕ್ಕು ಹಿಡಿದಂತಹ ಕಂದುಬಣ್ಣ. ವಯಸ್ಸು ಹದಿನಾಲ್ಕು ಹದಿನೈದು ದಾಟಿತೆಂದರೆ ಇವರಲ್ಲಿ ಹಲವರು ನಗುವಾಗ ಕೈಯನ್ನು ಬಾಯಿಗೆ ಅಡ್ಡ ಹಿಡಿಯಲು ಕಲಿತಿರುತ್ತಾರೆ.

ಇಂತಹ ಹಲ್ಲಿನ ಮೇಲೆ ಹಲ್ಲಿನದೇ ಬಣ್ಣದ ಲೇಪವನ್ನು ಅಂಟಿಸಿ ಅಂದಗೊಳಿಸುವ ಬಾಂಡಿಂಗ್ ಎಂಬ ಚಿಕಿತ್ಸೆಯ ಹೆಸರು ಈಗ ನಮ್ಮ ಮನೆಗಳಲ್ಲಿಯೂ ಕೇಳಿಬರುತ್ತಿದೆ. ಇದು ಏನು, ಯಾರಿಗೆ ತಕ್ಕದ್ದು, ಎಷ್ಟು ಬಾಳುತ್ತದೆ, ಇದರಿಂದ ಆಗದ ಕೆಲಸವಾವುದು ಎಂಬುದನ್ನು ಗೃಹಸ್ಥರಾದ ವಾಚಕರು ಅರಿತಿರುವುದು ಒಳಿತೆಂದು ತೋರಿದ್ದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ದೋಷವು ಹಲ್ಲಿನದಲ್ಲ, ಹುಡುಗಿಯದಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಕಂದುಹಲ್ಲನ್ನು ಕಂಡೊಡನೆ ಜನರು ಅದನ್ನು ಕೊಳೆಯೆಂದು, ಹಲ್ಲುಜ್ಜದ ಸೋಮಾರಿತನವೆಂದು, ಇಲ್ಲವೆ ತಂಬಾಕಿನ ಚಟವೆಂದು ಎಣಿಸುತ್ತಾರೆ. ವಧೂವರರ ಮಾತುಕತೆಗಳಲ್ಲಿ ಹಿರಿಯರ ಸಾಲಿನಲ್ಲಿ ನಾವು ಅನೇಕ ಸಲ ಕುಳಿತವರು. ಒಮ್ಮೆ ದೇವದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ಪದವಿಯವರೆಗೆ ಓದಿದ, ಗುಣವಂತೆಯಾದ ಕನ್ಯೆಯನ್ನು ನೋಡಲು ಬಂದವರು ಹಲ್ಲಿನ ಕಾರಣವನ್ನೇ ಮುಂದಿಟ್ಟು ಎದ್ದುಹೋದರು. ಅದು ಆ ಮನೆಗೆ ಬಂದ ಮೂರನೆಯ ಸಂಬಂಧ. ಬೇಡವೆಂದು ನುಡಿದ ವರನ ತಾಯಿ ಮಾತನಾಡುವಷ್ಟು ಹೊತ್ತೂ ಸೆರಗನ್ನು ಬಾಯಿಗೆ ಹಿಡಿದೇ ಇದ್ದರು. ಸೆರಗು ಸರಿದಾಗ ಕಂಡಿತು, ಅವರ ಹಲ್ಲೂ ಅದೇ ಬಣ್ಣದ್ದು. ಬಂದವರು ಹೋದ ಮೇಲೆ ಕನ್ಯೆಯ ತಂದೆ, "ಶಾಸ್ತ್ರಿಗಳೆ, ದಿನಾ ಎರಡು ಸಲ ಹಲ್ಲು ತಿಕ್ಕತಾಳ್ರೀ, ಆದರೂ ಕಲೆ ಹೋಗವಲ್ದು. ನಾವೇನ್ ಪಾಪ ಮಾಡೀವಿ?" ಎಂದು ಕಣ್ಣೀರು ಹಾಕಿದರು.

ಪಾಪವೂ ಇಲ್ಲ, ಸೋಮಾರಿತನವೂ ಇಲ್ಲ. ಇದು ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣದಿಂದ ಉಂಟಾದ ವಿಕಾರ. ವೈದ್ಯರು ಇದನ್ನು ದಂತ ಫ್ಲೋರೋಸಿಸ್ ಎನ್ನುತ್ತಾರೆ. ರಾಯಚೂರು ಸೀಮೆಯ ನೆಲದಡಿಯಲ್ಲಿರುವುದು ಬಹುಮಟ್ಟಿಗೆ ಪುರಾತನವಾದ ಗ್ರಾನೈಟ್ ಮತ್ತು ನೈಸ್ ಶಿಲೆ. ಈ ಶಿಲೆಗಳೊಳಗಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಅಡಗಿದೆ. ಬಿರುಕುಗಳಲ್ಲಿ ವರ್ಷಾನುಗಟ್ಟಲೆ ನಿಂತ ನೀರು ಅದನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಹಿಂದಿನವರು ಕೆರೆ, ಹಳ್ಳ, ತೆರೆದ ಬಾವಿಗಳಲ್ಲಿ ಆಯಾ ವರ್ಷದ ಮಳೆಯ ನೀರನ್ನು ಕುಡಿದರು. ಬರದ ಬವಣೆ ಹೆಚ್ಚಿದಂತೆ ನಾವು ಕೊಳವೆಬಾವಿಯನ್ನು ಕೊರೆದು ಬಂಡೆಯ ಆಳದ ನೀರನ್ನು ಮೇಲೆತ್ತಿದೆವು. ಭಾರತೀಯ ಮಾನಕದ ಪ್ರಕಾರ ಒಂದು ಲೀಟರು ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು; ಬೇರೆ ಗತಿಯಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸೈರಿಸಬಹುದು. ದೇವದುರ್ಗ, ಮಾನ್ವಿ, ಲಿಂಗಸುಗೂರು ಸೀಮೆಯ ಹಲವು ಕೊಳವೆಬಾವಿಗಳ ನೀರು ಈ ಮೇರೆಯನ್ನು ದಾಟಿದೆ. ಈ ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಸವಳು ನೀರನ್ನು ನಾಲಗೆ ಗುರುತಿಸುತ್ತದೆ, ಇದನ್ನು ಗುರುತಿಸಲಾರದು.

ಈ ರೋಗದ ಮೂಲ ತಿಳಿದುಬಂದ ಕಥೆಯೂ ಅರಿಯತಕ್ಕದ್ದು. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಅಲ್ಲಿನವರ ಹಲ್ಲುಗಳು ಕಂದಾಗಿರುವುದನ್ನು ಕಂಡು ಬೆರಗಾದರು. ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಕಲೆಯಿತ್ತು. ದೊಡ್ಡವರಾದ ಮೇಲೆ ಆ ಊರಿಗೆ ಬಂದು ನೆಲೆಸಿದವರಿಗೆ ಇರಲಿಲ್ಲ. ನೀರಿನಲ್ಲಿಯೇ ಏನೋ ಇದೆಯೆಂದು ಅವರು ಊಹಿಸಿದರೂ ಅದು ಫ್ಲೋರೈಡ್ ಎಂದು ರಸಾಯನಶಾಸ್ತ್ರಜ್ಞ ಚರ್ಚಿಲ್ ಎಂಬವರು ಕಂಡುಹಿಡಿದದ್ದು 1931ರಲ್ಲಿ. ನಮ್ಮ ದೇಶದಲ್ಲಿ 1937ರಲ್ಲಿ ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ಇದರ ವರದಿ ಹೊರಬಂದಿತು. ಆಗ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು.

ಮೆಕೇ ಅವರು ಕಂಡ ಸಂಗತಿಯನ್ನು ವಾಚಕರು ಚೆನ್ನಾಗಿ ನೆನಪಿಡಬೇಕು, ಏಕೆಂದರೆ ಮುಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ. ಹಲ್ಲಿನ ಹೊರಕವಚವಾದ ಎನಾಮೆಲ್ ರೂಪುಗೊಳ್ಳುವುದು ಹಲ್ಲು ಇನ್ನೂ ವಸಡಿನೊಳಗೆ ಇರುವಾಗ. ಶಾಶ್ವತ ಹಲ್ಲುಗಳಿಗೆ ಈ ಕೆಲಸ ಬಹುಮಟ್ಟಿಗೆ ಹುಟ್ಟಿನಿಂದ ಎಂಟು ವರ್ಷದೊಳಗೆ ಮುಗಿಯುತ್ತದೆ. ನಗುವಾಗ ಕಾಣುವ ಮುಂದಿನ ಹಲ್ಲುಗಳಿಗೆ ಮೊದಲ ಮೂರು ನಾಲ್ಕು ವರ್ಷಗಳೇ ನಿರ್ಣಾಯಕ. ಈ ಅವಧಿಯಲ್ಲಿ ಮಗು ಕುಡಿದ ನೀರು ಏಳೆಂಟು ವರ್ಷಕ್ಕೆ ಮೂಡುವ ಹಲ್ಲಿನಲ್ಲಿ ಬಣ್ಣವಾಗಿ ಕಾಣುತ್ತದೆ. ಆದ್ದರಿಂದ ಇಟ್ಟಿಗೆಪುಡಿ, ಇದ್ದಿಲು, ಬೂದಿ, ಉಪ್ಪು ಹಾಕಿ ಎಷ್ಟು ತಿಕ್ಕಿದರೂ ಕಲೆ ಹೋಗದು; ಅದು ಹಲ್ಲಿನ ಮೇಲೆ ಅಂಟಿದ್ದಲ್ಲ, ಹಲ್ಲಿನೊಳಗೆ ಬೆರೆತದ್ದು. ಹಾಗೆ ತಿಕ್ಕುವುದರಿಂದ ಇರುವ ಕವಚವೂ ಸವೆದು ಹಲ್ಲು ಜುಮ್ಮೆನ್ನತೊಡಗುತ್ತದೆ. ಜಾತ್ರೆಯ ಬೀದಿಯಲ್ಲಿ ಕುಳಿತು ತೀಕ್ಷ್ಣ ದ್ರಾವಣ ಸವರಿ ಕ್ಷಣಮಾತ್ರದಲ್ಲಿ ಹಲ್ಲು ಬೆಳ್ಳಗೆ ಮಾಡುವೆವೆನ್ನುವವರ ಬಳಿಗೆ ಮಕ್ಕಳನ್ನು ಎಂದಿಗೂ ಒಯ್ಯಬಾರದು.

ಬಾಂಡಿಂಗ್ ಎಂದರೇನು?

ಗೋಡೆಗೆ ಗಾರೆ ಹಿಡಿಸುವ ಮೊದಲು ಕುಶಲನಾದ ಕೆಲಸಗಾರನು ಅದರ ನುಣುಪಾದ ಮೈಗೆ ಕಚ್ಚು ಹಾಕುತ್ತಾನೆ. ಕಚ್ಚಿಲ್ಲದ ಗೋಡೆಯಲ್ಲಿ ಗಾರೆ ನಿಲ್ಲದು. ಹಲ್ಲಿಗೂ ಇದೇ ನ್ಯಾಯ. ಲೋಹದ ಮೇಲೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲವನ್ನು ಬಳಸುವುದನ್ನು ಅರಿತ ಮೈಕೆಲ್ ಬುವೊನೊಕೋರ್ ಎಂಬ ಅಮೆರಿಕದ ವಿದ್ವಾಂಸರು ಅದನ್ನೇ ಹಲ್ಲಿನ ಮೇಲೆ ಪ್ರಯೋಗಿಸಿ 1955ರಲ್ಲಿ ಪ್ರಕಟಿಸಿದರು. ಆಮ್ಲವು ಎನಾಮೆಲ್‌ನ ಮೇಲೆ ಕಣ್ಣಿಗೆ ಕಾಣದಂತಹ ಸೂಕ್ಷ್ಮ ರಂಧ್ರಗಳನ್ನು ಮಾಡುತ್ತದೆ. ದ್ರವರೂಪದ ರಾಳವು ಅವುಗಳೊಳಗೆ ಇಳಿದು ಗಟ್ಟಿಯಾದಾಗ ಬೇರು ಬಿಟ್ಟಂತೆ ಹಿಡಿದುಕೊಳ್ಳುತ್ತದೆ. 1962ರಲ್ಲಿ ರಾಫೆಲ್ ಬೋವೆನ್ ಎಂಬವರು ಇದಕ್ಕೆ ತಕ್ಕ ರಾಳವನ್ನು ರೂಪಿಸಿದರು. ರಾಳದಲ್ಲಿ ಗಾಜಿನಂತಹ ಸಣ್ಣ ಕಣಗಳನ್ನು ಬೆರೆಸಿ ಸಿದ್ಧಪಡಿಸಿದ ಕಾಂಪೋಸಿಟ್ ಎಂಬ ವಸ್ತುವೇ ಇಂದಿನ ಬಾಂಡಿಂಗ್‌ನ ಮುಖ್ಯ ಸಾಮಗ್ರಿ.

ಚಿಕಿತ್ಸೆಯ ಕ್ರಮ ಹೀಗಿದೆ. ಮೊದಲು ಹಲ್ಲುಗಳ ಗಾರೆ ತೆಗೆದು ವಸಡನ್ನು ಸ್ವಸ್ಥಗೊಳಿಸುತ್ತಾರೆ. ಬಳಿಕ ಹಲ್ಲು ಒದ್ದೆಯಾಗಿರುವಾಗಲೇ ಬಣ್ಣದ ಮಾದರಿಯೊಡನೆ ಹೋಲಿಸಿ ತಕ್ಕ ಛಾಯೆಯನ್ನು ಆಯುತ್ತಾರೆ. ಹಲ್ಲು ಒಣಗಿದರೆ ಇದ್ದುದಕ್ಕಿಂತ ಬಿಳಿದಾಗಿ ತೋರಿ ಲೆಕ್ಕ ತಪ್ಪುತ್ತದೆ. ಆಮೇಲೆ ಎಂಜಲು ತಗಲದಂತೆ ಹಲ್ಲನ್ನು ಪ್ರತ್ಯೇಕಿಸಿ, ಸಾಮಾನ್ಯವಾಗಿ 37 ಪ್ರತಿಶತ ಫಾಸ್ಫಾರಿಕ್ ಆಮ್ಲದ ಲೇಪವನ್ನು ಕೆಲವು ಸೆಕೆಂಡುಗಳ ಕಾಲ ಹಚ್ಚಿ ತೊಳೆಯುತ್ತಾರೆ. ಅಂಟುದ್ರವವನ್ನು ಸವರಿ, ಕಾಂಪೋಸಿಟನ್ನು ತೆಳುವಾದ ಪದರಗಳಾಗಿ ಇಟ್ಟು, ಪ್ರತಿಯೊಂದು ಪದರಕ್ಕೂ 20ರಿಂದ 40 ಸೆಕೆಂಡು ನೀಲಿ ಬೆಳಕನ್ನು ಹಾಯಿಸಿ ಗಟ್ಟಿಗೊಳಿಸುತ್ತಾರೆ. ಕೊನೆಗೆ ಕಚ್ಚು ಸರಿಹೊಂದುವಂತೆ ನೋಡಿ, ಉಜ್ಜಿ ಹೊಳಪು ಕೊಡುತ್ತಾರೆ. ಒಂದು ಹಲ್ಲಿಗೆ ಅರ್ಧ ತಾಸಿನಿಂದ ಒಂದು ತಾಸು ಹಿಡಿಯುತ್ತದೆ. ಬಹುತೇಕ ಸೂಜಿಯ ಅವಶ್ಯಕತೆಯಿಲ್ಲ. ಹಲ್ಲನ್ನು ಕತ್ತರಿಸುವುದೂ ಕಡಿಮೆ. ಪಿಂಗಾಣಿಯ ಹೊದಿಕೆಗಿಂತ ಇದರ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ.

ಯಾರಿಗೆ ಯಾವ ಚಿಕಿತ್ಸೆ?

ಎಲ್ಲ ಕಂದುಹಲ್ಲಿಗೂ ಬಾಂಡಿಂಗ್ ಬೇಕೆಂದಿಲ್ಲ. ಬರಿಯ ಬಿಳಿ ಮಚ್ಚೆಗಳಿದ್ದರೆ ಏನೂ ಮಾಡದೆ ಬಿಡುವುದೇ ಲೇಸು. ಕಲೆ ಮೇಲ್ಪದರದಲ್ಲಿದ್ದರೆ, ಆಮ್ಲ ಬೆರೆತ ನುಣುಪು ಪುಡಿಯಿಂದ ಅತಿ ತೆಳುವಾದ ಪದರವನ್ನು ಉಜ್ಜಿ ತೆಗೆಯುವ ಮೈಕ್ರೋಅಬ್ರೇಶನ್ ಎಂಬ ಕ್ರಮದಿಂದಲೇ ಬಹಳ ಮಟ್ಟಿಗೆ ತಿಳಿಯಾಗುತ್ತದೆ. ಅವಶ್ಯವಿದ್ದರೆ ಅದರೊಡನೆ ಬ್ಲೀಚಿಂಗ್ ಮಾಡುತ್ತಾರೆ. ಇವೆರಡನ್ನೂ ಪರಿಣತ ದಂತವೈದ್ಯರೇ ಮಾಡಬೇಕು. ಕಲೆ ಆಳವಾಗಿದ್ದು ಹಲ್ಲಿನ ಮೇಲೆ ಕುಳಿಗಳು ಬಿದ್ದಿದ್ದರೆ, ಅಂಚು ಮುರಿದಿದ್ದರೆ ಆಗ ಬಾಂಡಿಂಗ್ ಯೋಗ್ಯ. ಬಹಳ ಹಾಳಾದ ಹಲ್ಲಿಗೆ ಪಿಂಗಾಣಿಯ ಹೊದಿಕೆ ಇಲ್ಲವೆ ಟೋಪಿ ಬೇಕಾಗಬಹುದು. ಅದಕ್ಕೆ ಹಲ್ಲನ್ನು ಕೊರೆಯಬೇಕು, ವೆಚ್ಚವೂ ಹೆಚ್ಚು, ಕೊರೆದದ್ದು ಮರಳಿ ಬಾರದು.

ಇಲ್ಲಿ ನಮ್ಮ ಸೀಮೆಯವರು ವೈದ್ಯರನ್ನು ಕೇಳಲೇಬೇಕಾದ ಒಂದು ಪ್ರಶ್ನೆಯಿದೆ. ಫ್ಲೋರೋಸಿಸ್ ತಗಲಿದ ಎನಾಮೆಲ್‌ನ ಹೊರಮೈ ಆಮ್ಲಕ್ಕೆ ಬೇಗ ಜಗ್ಗುವುದಿಲ್ಲ. ಆದ್ದರಿಂದ ಲೇಪದ ಹಿಡಿತ ಸ್ವಸ್ಥ ಹಲ್ಲಿನಲ್ಲಿದ್ದಷ್ಟು ಭದ್ರವಾಗಿರುವುದಿಲ್ಲ. ಹೊರಪದರವನ್ನು ತುಸು ಉಜ್ಜಿ ತೆಗೆದು ಇಲ್ಲವೆ ಆಮ್ಲವನ್ನು ಹೆಚ್ಚು ಹೊತ್ತು ಇರಿಸಿ ಈ ಕೊರತೆಯನ್ನು ತುಂಬಿಕೊಳ್ಳುತ್ತಾರೆ. ಈ ಭಾಗದ ಹಲ್ಲುಗಳನ್ನು ಕಂಡು ಪಳಗಿದ ಕೈಗೆ ಇದು ಗೊತ್ತು. ದೇವದುರ್ಗವಾಗಲಿ ಮಾನ್ವಿಯಾಗಲಿ ರಾಯಚೂರಿನಿಂದ ಸುಮಾರು 50 ಕಿ.ಮೀ. ದೂರ. ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದಾದ ರಾಯಚೂರು ನಗರದಲ್ಲಿಯೇ ಎ.ಎಂ.ಇ. ದಂತ ಮಹಾವಿದ್ಯಾಲಯ, ನವೋದಯ ದಂತ ಮಹಾವಿದ್ಯಾಲಯಗಳಿವೆ. ಇಂತಹ ಕಲಿಕೆಯ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ನಿಗಾದಲ್ಲಿ ಚಿಕಿತ್ಸೆ ಮಾಡುವುದರಿಂದ ಸಮಯ ಹೆಚ್ಚು ಹಿಡಿದರೂ ವೆಚ್ಚ ಸಾಮಾನ್ಯವಾಗಿ ಖಾಸಗಿ ದವಾಖಾನೆಗಿಂತ ಕಡಿಮೆ. ಮದುವೆಗೆ ಎಂಟು ದಿನವಿರುವಾಗ ಓಡುವುದಕ್ಕಿಂತ ತಿಂಗಳುಗಳ ಮುಂಚೆಯೇ ಹೋಗಿ ವಿಚಾರಿಸುವುದು ವಿವೇಕ.

ಲೇಪದ ಆಯುಷ್ಯ

ಬಾಂಡಿಂಗ್ ಅಜರಾಮರವಲ್ಲ. ಸರಿಯಾಗಿ ಕಾಪಾಡಿದರೆ ಐದರಿಂದ ಹತ್ತು ವರ್ಷ ಬಾಳಬಹುದು. ಬಳಿಕ ಅಲ್ಲಲ್ಲಿ ತೇಪೆ ಹಾಕಬೇಕು ಇಲ್ಲವೆ ಹೊಸದಾಗಿ ಮಾಡಿಸಬೇಕು. ಮೊದಲ ಎರಡು ದಿನ ಚಹಾ, ಕಾಫಿ, ಅರಿಶಿನ ಹೆಚ್ಚಾದ ಪದಾರ್ಥಗಳನ್ನು ವರ್ಜಿಸುವುದು ಮೇಲು. ಎಲೆ ಅಡಿಕೆ, ಗುಟಕಾ, ಬೀಡಿ ಮುಂತಾದವು ಲೇಪಕ್ಕೆ ಬಣ್ಣ ಕೂರಿಸುತ್ತವೆ. ಒಮ್ಮೆ ಬಣ್ಣ ಕೂತ ಲೇಪವನ್ನು ಬ್ಲೀಚಿಂಗ್‌ನಿಂದ ಬೆಳ್ಳಗಾಗಿಸಲಾಗದು. ಕಬ್ಬು ಸಿಗಿಯುವುದು, ದಾರ ಕಡಿಯುವುದು, ಬಾಟಲಿಯ ಮುಚ್ಚಳ ತೆಗೆಯುವುದು ಇವೆಲ್ಲ ಮುಂಬಲ್ಲಿನಿಂದ ಬೇಡ. ನಮ್ಮ ಕಡೆಯ ಕಡಕ್ ರೊಟ್ಟಿಯನ್ನು ಬಿಡಬೇಕಾಗಿಲ್ಲ. ಮುರಿದು, ಸಾರಿನಲ್ಲಿಯೋ ಹಾಲಿನಲ್ಲಿಯೋ ನೆನೆಸಿ ಬದಿಯ ಹಲ್ಲಿನಿಂದ ಅಗಿದರಾಯಿತು. ಆರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸತಕ್ಕದ್ದು.

ಮುಖದ ಚೆಲುವಿಗಾಗಿ ಹಣ ವ್ಯಯಿಸುವುದು ವ್ಯರ್ಥಾಡಂಬರವಲ್ಲವೆ ಎಂದು ಕೆಲವು ಹಿರಿಯರು ಕೇಳುವುದುಂಟು. ಇದ್ದ ರೂಪವನ್ನು ಬಿಟ್ಟು ಇಲ್ಲದ ರೂಪಕ್ಕೆ ಹಂಬಲಿಸುವುದಾದರೆ ಆ ಮಾತು ಸರಿ. ಆದರೆ ತನ್ನದಲ್ಲದ ತಪ್ಪಿಗೆ ತಲೆತಗ್ಗಿಸಿ, ಸಂದರ್ಶನದಲ್ಲಿ ಬಾಯಿ ತೆರೆಯಲಾರದೆ, ನಾಲ್ಕು ಜನರ ನಡುವೆ ನಗಲಾರದೆ ಕುಗ್ಗುವ ಒಂದು ಎಳೆಯ ಜೀವಕ್ಕೆ ಅದರ ಸಹಜ ನಗುವನ್ನು ಮರಳಿಸುವುದು ಆಡಂಬರವಲ್ಲವೆಂಬುದು ನಮ್ಮ ಅಭಿಪ್ರಾಯ. ಹಾಗೆಯೇ ಬಾಂಡಿಂಗ್ ಮಾಡಿಸಲಾರದ, ಮಾಡಿಸಲೊಲ್ಲದ ಹೆಣ್ಣುಮಗಳನ್ನು ಹಲ್ಲಿನ ನೆಪದಿಂದ ನಿರಾಕರಿಸುವುದು ಅನ್ಯಾಯ. ಈ ಕಲೆ ತಾಯಿಯಿಂದ ಮಗುವಿಗೆ ವಂಶಪಾರಂಪರ್ಯವಾಗಿ ಬರುವುದಲ್ಲ. ಒಳ್ಳೆಯ ನೀರು ಕುಡಿದು ಬೆಳೆದರೆ ಅವಳ ಮಕ್ಕಳ ಹಲ್ಲು ಈ ಕಲೆಯಿಲ್ಲದೆ ಮೂಡುತ್ತವೆ.

ಲೇಪದಿಂದಾಗದ ಕೆಲಸ

ಮೇಲೆ ಹೇಳಿದ ಕನ್ಯೆಯ ತಂದೆ ಮಗಳ ಚಿಕಿತ್ಸೆಗೆಂದು ಹಣ ಕೂಡಿಸತೊಡಗಿದ್ದರು. ಅದೇ ದಿನ ಆ ಮನೆಯ ಪಡಸಾಲೆಯಲ್ಲಿ ಹಿರಿಯ ಮಗಳ ಎರಡು ವರ್ಷದ ಕೂಸು ಲೋಟ ಹಿಡಿದು ನೀರು ಕುಡಿಯುತ್ತಿತ್ತು. ಯಾವ ನೀರೆಂದು ಕೇಳಿದೆವು. ಅದೇ ಬೋರಿನ ನೀರು. ಚಿಕ್ಕಮ್ಮನ ಹಲ್ಲಿಗೆ ಲೇಪ ಹಾಕಿಸುವ ಮನೆಯಲ್ಲಿಯೇ ಕೂಸಿನ ಹಲ್ಲಿಗೆ ಕಲೆ ಬೆರೆಯುತ್ತಿತ್ತು. ವಾಚಕ ಬಂಧುಗಳೆ, ಈ ಲೇಖನದ ತಿರುಳು ಇದೇ. ಬೆಳೆದವರ ಹಲ್ಲಿಗೆ ನೀರನ್ನು ಬದಲಿಸಿದರೂ ಕಲೆ ಹೋಗದು. ಅವರಿಗೆ ಚಿಕಿತ್ಸೆಯೇ ಗತಿ. ಎಂಟರೊಳಗಿನ ಮಕ್ಕಳಿಗೆ ಮಾತ್ರ ನೀರನ್ನು ಬದಲಿಸಿದರೆ ಇನ್ನೂ ರೂಪುಗೊಳ್ಳುತ್ತಿರುವ ಹಲ್ಲುಗಳನ್ನು ಕಲೆಯಿಂದ ಕಾಪಾಡಬಹುದು. ಮನೆಯಲ್ಲಿ ಒಳ್ಳೆಯ ನೀರು ಒಂದೇ ಕೊಡ ಇದ್ದರೆ ಅದು ಮೊದಲು ಸಲ್ಲಬೇಕಾದದ್ದು ಕೂಸಿಗೆ.

ಹಲ್ಲು ಇಲ್ಲಿ ಬರಿಯ ಸಾಕ್ಷಿ. ಇದೇ ನೀರನ್ನು ಹತ್ತಾರು ವರ್ಷ ಕುಡಿದವರಲ್ಲಿ ಫ್ಲೋರೈಡ್ ಎಲುಬಿನಲ್ಲಿ ಸೇರಿ ಕುತ್ತಿಗೆ, ಸೊಂಟ, ಮೊಣಕಾಲು ಬಿಗಿಯಾಗಿ ಬಾಗಲಾರದಂತಾಗಬಹುದು. ಅದಕ್ಕೆ ಯಾವ ಲೇಪವೂ ಇಲ್ಲ. ಇದನ್ನು ಮನಗಂಡೇ ಕೇಂದ್ರ ಸರಕಾರವು 2008-09ರಲ್ಲಿ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. 2019ರಲ್ಲಿ ಘೋಷಿತವಾದ ಜಲ ಜೀವನ ಮಿಷನ್ ಮನೆಮನೆಗೆ ನಲ್ಲಿಯನ್ನು ಕೊಡುವ ಯೋಜನೆ. ಆದರೆ ನಲ್ಲಿಯ ಹಿಂದೆ ಇರುವುದು ಹೊಳೆಯ ನೀರೋ ಕೊಳವೆಬಾವಿಯ ನೀರೋ ಎಂಬುದನ್ನು ಊರವರು ಕೇಳಿ ತಿಳಿಯಬೇಕು. ನಲ್ಲಿ ಹೊಸದಾದ ಮಾತ್ರಕ್ಕೆ ನೀರು ಹೊಸದಾಗುವುದಿಲ್ಲ.

ಮನೆಯವರು ಮಾಡಬೇಕಾದದ್ದು

ನೀರನ್ನು ಪರೀಕ್ಷೆ ಮಾಡಿಸಿರಿ. ಗ್ರಾಮ ಪಂಚಾಯತಿಯ ಮೂಲಕ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಮಾದರಿಯನ್ನು ಕಳುಹಿಸಬಹುದು. ಒಂದೇ ಊರಿನ ಎರಡು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಬೇರೆ ಬೇರೆ ಪ್ರಮಾಣದಲ್ಲಿರುವುದುಂಟು. ಆದ್ದರಿಂದ ಪಕ್ಕದ ಓಣಿಯ ಬೋರು ಒಳ್ಳೆಯದಿರಲೂ ಬಹುದು.

ನೀರು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಸಾದಾ ಕ್ಯಾಂಡಲ್ ಫಿಲ್ಟರಿನಿಂದಲೂ ಪ್ರಯೋಜನವಿಲ್ಲ. ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳಲ್ಲಿ ಆರ್.ಓ. ಯಂತ್ರವು ಸುಸ್ಥಿತಿಯಲ್ಲಿದ್ದರೆ ಫ್ಲೋರೈಡ್ ಬಹಳಷ್ಟು ಕಡಿಮೆಯಾಗುತ್ತದೆ. ಯಂತ್ರದ ಪೊರೆಯನ್ನು ಕಾಲಕಾಲಕ್ಕೆ ಬದಲಿಸುತ್ತಾರೆಯೆ ಎಂದು ಪಂಚಾಯತಿಯನ್ನು ಕೇಳುವ ಅಧಿಕಾರ ನಿಮಗಿದೆ. ನಾಗಪುರದ ನೀರಿ ಸಂಸ್ಥೆಯು 1970ರ ದಶಕದಲ್ಲಿ ರೂಪಿಸಿದ ನಲಗೊಂಡ ವಿಧಾನದಲ್ಲಿ ಸುಣ್ಣ ಮತ್ತು ಪಟಿಕದಿಂದ ಫ್ಲೋರೈಡನ್ನು ತಳಕ್ಕಿಳಿಸುತ್ತಾರೆ. ಅಳತೆ ತಪ್ಪಬಾರದಾದ್ದರಿಂದ ತಿಳಿದವರ ಮಾರ್ಗದರ್ಶನ ಬೇಕು.

ಎಲ್ಲಕ್ಕಿಂತ ನಿರ್ಮಲವಾದದ್ದು ಮಳೆಯ ನೀರು. ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಸೀಮೆಯ ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಎಂದು ಹಿಡಿದರೆ, 20 ಚದರ ಮೀಟರಿನ ಸಿಮೆಂಟಿನ ಚಾವಣಿಯ ಮೇಲೆ ವರ್ಷಕ್ಕೆ 12,000 ಲೀಟರು ಬೀಳುತ್ತದೆ. ಐದರಲ್ಲೊಂದು ಪಾಲು ವ್ಯರ್ಥವಾದರೂ 9,600 ಲೀಟರು ಉಳಿಯುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡಿಗೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಬೇಕಾಗುವುದು 9,125 ಲೀಟರು. ಮೊದಲ ಮಳೆಯನ್ನು ಹರಿಯಬಿಟ್ಟು, ಉಳಿದದ್ದನ್ನು ಸೋಸಿ ಮುಚ್ಚಿದ ತೊಟ್ಟಿಯಲ್ಲಿ ಕಾಪಾಡಬೇಕು. ಕುಡಿಯುವ ಮೊದಲು ಕುದಿಸಬೇಕು. ತೊಟ್ಟಿ ಕಟ್ಟಲು ಒಮ್ಮೆ ಖರ್ಚು ಬರುತ್ತದೆ. ಮಣ್ಣಿನ ಮಾಳಿಗೆಯ ಮನೆಯವರಿಗೆ ಇದು ಸಾಧ್ಯವಾಗದು. ಆದರೆ ಶಾಲೆ, ಸಮುದಾಯ ಭವನ, ಮಠದ ಪ್ರಸಾದ ನಿಲಯಗಳ ವಿಶಾಲವಾದ ಚಾವಣಿಗಳು ಓಣಿಯ ಮಕ್ಕಳಿಗೆ ನೀರು ಕೊಡಬಲ್ಲವು. ದಾನಿಗಳು ಕಮಾನು ಕಟ್ಟಿಸುವ ಹಣದಲ್ಲಿ ಇಂತಹ ಒಂದು ತೊಟ್ಟಿಯನ್ನು ಕಟ್ಟಿಸಲೆಂಬುದು ನಮ್ಮ ಬಿನ್ನಹ.

ತಾಯಂದಿರಿಗೆ ಎರಡು ಮಾತು. ತಾಯಿ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೂ ಎದೆಹಾಲಿನಲ್ಲಿ ಅದು ಅತ್ಯಲ್ಪವಾಗಿರುತ್ತದೆ. ಕೂಸಿಗೆ ಎದೆಹಾಲೇ ಮೊದಲ ರಕ್ಷೆ. ಹಾಲಿನ ಪುಡಿಯನ್ನು ಬೋರಿನ ನೀರಿನಲ್ಲಿ ಕಲಸಿ ಕುಡಿಸಿದರೆ ಕೂಸಿಗೆ ಆ ನೀರನ್ನೇ ಕುಡಿಸಿದಂತೆ. ಎಳೆಯ ಮಕ್ಕಳಿಗೆ ಚಹಾ ಕೊಡಬೇಡಿರಿ. ಚಹಾದ ಎಲೆಯಲ್ಲಿಯೂ ಫ್ಲೋರೈಡ್ ಇದೆ. ಹಲ್ಲುಜ್ಜುವ ಪೇಸ್ಟನ್ನು ಮಕ್ಕಳು ನುಂಗದಂತೆ ನೋಡಿಕೊಂಡು, ಯಾವುದನ್ನು ಎಷ್ಟು ಬಳಸಬೇಕೆಂದು ವೈದ್ಯರನ್ನು ಕೇಳಿರಿ. ಹಾಲು, ಮಜ್ಜಿಗೆ, ಸೊಪ್ಪು, ನೆಲ್ಲಿಕಾಯಿ ಊಟದಲ್ಲಿರಲಿ.

ಬೆಳೆದ ಮಗಳಿಗೆ ಚಿಕಿತ್ಸೆ, ಎಳೆಯ ಕೂಸಿಗೆ ನೀರು. ಎರಡೂ ಒಂದೇ ಮನೆಯ ಕರ್ತವ್ಯ. ಇಂದು ತೊಟ್ಟಿಲಲ್ಲಿರುವ ಕೂಸಿಗೆ ಶಾಶ್ವತ ಹಲ್ಲು ಮೂಡಲು ಇನ್ನು ಆರೇಳು ವರ್ಷಗಳಿವೆ. ಆದರೆ ಆ ಹಲ್ಲಿನ ಬಣ್ಣವನ್ನು ನಿರ್ಧರಿಸುವುದು ಇಂದು ಸಂಜೆ ಆ ಮನೆಯ ಕೊಡದಲ್ಲಿ ತುಂಬುವ ನೀರು. ಗೃಹಸ್ಥರು ಅದನ್ನು ಇಂದೇ ವಿಚಾರಿಸಲಿ.